ಖಾಲಿ ಪೆಟ್ಟಿಗೆಯ ಹಳದಿ

ಸಾಲು ಸಾಲು ಗುಳಿಗಳಿದ್ದ ಪರೀಕ್ಷೆಯ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ಅತ್ತಿಗೆಗೆ ಮೈಯೆಲ್ಲ ಉರಿದುಹೋಯಿತು. ತುಂಬಿದ ಪೆಟ್ಟಿಗೆ ಹಾಕಿದ ಗುಳಿಗಳು ಹಳದಿಯಾಗಿದ್ದವು. ಸರಿ, ಅವು ಹಾಗೇ ಆಗಬೇಕು. ಆದರೆ ಖಾಲಿ ಪೆಟ್ಟಿಗೆ ಹಾಕಿದ ಗುಳಿಗಳೂ ಹಳದಿಯಾಗಿದ್ದವು. ಅಷ್ಟೇ ಗಾಢ, ಅಷ್ಟೇ ನಾಚಿಕೆಗೆಟ್ಟ ಹಳದಿ. ಬಣ್ಣವೇ ಇಲ್ಲದೆ ತೆಪ್ಪಗೆ ಕೂತಿರಬೇಕಾದ ಗುಳಿಗಳು ಅವು. ಅವಳು ಪ್ಲೇಟನ್ನು ತಿರುಗಿಸಿ ನೋಡಿದಳು, ಮೂಲೆಯ ಗುರುತು ನೋಡಿದಳು, ತಾನೇ ಎಡಬಲ ಅದಲುಬದಲು ಮಾಡಿದೆನೇನೋ ಎಂದು ಒಂದು ಕ್ಷಣ ಆಸೆಪಟ್ಟಳು. ಅದಲುಬದಲಾಗಿರಲಿಲ್ಲ.

ಇಡೀ ಲ್ಯಾಬಿಗೆ ಅವಳು ಅತ್ತಿಗೆ. ಲ್ಯಾಬಿನ ಮುಖ್ಯಸ್ಥ ಅವಳ ಮೈದುನ, ಗಂಡನ ಬೆನ್ನಿಗೆ ಬಿದ್ದ ತಮ್ಮ. ಅವನು ಕರೆದಂತೆ ವಿದ್ಯಾರ್ಥಿಗಳು ಕರೆದರು, ವಿದ್ಯಾರ್ಥಿಗಳು ಕರೆದಂತೆ ಗ್ಯಾಸ್ ಸಿಲಿಂಡರ್ ತರುವವನೂ ಕರೆದ. ಅವಳೇನೂ ಕಡಿಮೆ ಓದಿದವಳಲ್ಲ. ಮೈದುನ ಶಾಲೆಗೆ ಚಕ್ಕರ್ ಹೊಡೆದು ಅಲೆಯುತ್ತಿದ್ದ ಕಾಲಕ್ಕೇ ಪಿಎಚ್‌ಡಿ ಮುಗಿಸಿದ್ದಳು. ಪಿಪೆಟ್ ಹೇಗೆ ಹಿಡಿಯಬೇಕೆಂದು ಅವನಿಗೆ ತೋರಿಸಿಕೊಟ್ಟವಳೂ ಅವಳೇ. ಆದರೆ ಅವನು ಮಾತಿನ ಮಲ್ಲ. ವೇದಿಕೆ ಹತ್ತಿದನೆಂದರೆ ಕೇಳುವವರು ಬಾಯಿ ಬಿಟ್ಟುಕೊಂಡು ಕೂರುತ್ತಿದ್ದರು. ಹಾಗಾಗಿ ಅವನಿಗೆ ಕುರ್ಚಿ ಸಿಕ್ಕಿತು, ಅವಳಿಗೆ ಸ್ಟೂಲು ಸಿಕ್ಕಿತು. ಅದಕ್ಕೆ ಅವಳು ಎಂದೂ ಹೊಟ್ಟೆ ಉರಿದುಕೊಂಡವಳಲ್ಲ; ಸ್ಟೂಲಿನ ಮೇಲೆ ಕೂತವರಿಗೆ ಕೆಲಸ ಹತ್ತಿರದಿಂದ ಕಾಣುತ್ತದೆ ಎಂದುಕೊಂಡಿದ್ದಳು.

ಅವರ ಕೆಲಸ ಪೆಟ್ಟಿಗೆ ಮಾಡುವುದು. ಯಾವ ಸಾಧಾರಣ ಸೂಕ್ಷ್ಮದರ್ಶಕಕ್ಕೂ ಕಾಣದ ಪೆಟ್ಟಿಗೆ. ಡಿಎನ್‌ಎ ಎಂಬ ಉದ್ದನೆಯ ದಾರ ತೆಗೆದುಕೊಂಡು, ಅದರ ಜೊತೆ ಅದೇ ಡಿಎನ್‌ಎಯ ಚಿಕ್ಕ ಚಿಕ್ಕ ತುಣುಕು ಸೇರಿಸಿ, ಬಿಸಿ ಮಾಡಿ, ನಿಧಾನವಾಗಿ ತಣಿಸಿದರೆ, ತುಣುಕುಗಳು ಅಲ್ಲಲ್ಲಿ ಹೊಲಿಗೆ ಹಾಕಿದಂತೆ ಹಿಡಿದು ದಾರ ತಾನಾಗಿಯೇ ಮಡಚಿಕೊಂಡು ಪೆಟ್ಟಿಗೆಯಾಗುತ್ತದೆ. ಅದರೊಳಗೆ ಒಂದು ಅಣುವನ್ನು ಕೂರಿಸಬೇಕು. ಆ ಅಣುವಿನ ಕೆಲಸ ಎಬ್ಬಿಸುವುದು. ಕ್ಯಾನ್ಸರ್ ಗೆಡ್ಡೆಯ ಪಕ್ಕದಲ್ಲೇ ದೇಹದ ಕಾವಲು ಕೋಶಗಳು ಏನೂ ಆಗಿಲ್ಲವೆಂಬಂತೆ ತೂಕಡಿಸುತ್ತಿರುತ್ತವೆ. ಅವು ಪೆಟ್ಟಿಗೆಯನ್ನು ನುಂಗಬೇಕು, ಪೆಟ್ಟಿಗೆ ಕೋಶದ ಒಳಗೆ ಹೋಗಿ ಬಿಚ್ಚಿಕೊಳ್ಳಬೇಕು, ಅಣು ಹೊರಬಿದ್ದು ಕಳ್ಳ ಒಳಗಿದ್ದಾನೆ ಏಳಿ ಎಂದು ಕೂಗಬೇಕು. ಎಚ್ಚೆತ್ತ ಕೋಶ ಒಂದು ಬಗೆಯ ರಸ ಉಗುಳುತ್ತದೆ. ಆ ರಸ ಸಿಕ್ಕಿದರೆ ಪ್ಲೇಟಿನ ಗುಳಿ ಹಳದಿ, ಸಿಗದಿದ್ದರೆ ಬಣ್ಣವಿಲ್ಲ. ಖಾಲಿ ಪೆಟ್ಟಿಗೆಯಲ್ಲಿ ಎಬ್ಬಿಸುವ ಅಣುವೇ ಇಲ್ಲ. ಮತ್ತೆ ಕೋಶಗಳನ್ನು ಎಬ್ಬಿಸಿದ್ದು ಯಾರು?

ಉತ್ತರ ಅವಳಿಗೆ ಆಗಲೇ ಗೊತ್ತಿತ್ತು. ಗೊತ್ತಿದ್ದಕ್ಕೇ ಸಿಟ್ಟು ನೆತ್ತಿಗೇರಿತ್ತು.

ದಾರ ಎರಡು ಕಡೆಯಿಂದ ಬರುತ್ತಿತ್ತು. ಒಂದು ದುಡ್ಡು ಕೊಟ್ಟು ತರಿಸಿದ ದಾರ, ಸ್ವಚ್ಛವಾದದ್ದು. ಇನ್ನೊಂದು ಲ್ಯಾಬಿನಲ್ಲೇ ಬೆಳೆಸಿದ್ದು. ಬ್ಯಾಕ್ಟೀರಿಯಾದೊಳಗೆ ಬದುಕುವ ಒಂದು ವೈರಸ್ಸಿನಿಂದ ಈ ದಾರ ತೆಗೆಯುತ್ತಾರೆ. ತೆಗೆಯುವಾಗ ಬ್ಯಾಕ್ಟೀರಿಯಾದ ಹೊರಸಿಪ್ಪೆಯ ಚೂರೂ ಜೊತೆಗೇ ಬರುತ್ತದೆ. ಆ ಚೂರು ಸೋಕಿದರೂ ಸಾಕು, ಕಾವಲು ಕೋಶಗಳು ಎದ್ದು ಕೂರುತ್ತವೆ. ಆ ಕೊಳೆಯನ್ನು ತೊಳೆಯಬೇಕು. ತೊಳೆದರೆ ಅರ್ಧಕ್ಕರ್ಧ ದಾರ ನೀರುಪಾಲು. "ಅತ್ತಿಗೆ, ಹೀಗೆ ತೊಳೀತಾ ಕೂತ್ರೆ ಪೆಟ್ಟಿಗೆ ಮಾಡೋದು ಯಾವಾಗ?" ಎಂದು ಮೈದುನ ಕೇಳಿದ್ದ. ತುಂಬಿದ ಪೆಟ್ಟಿಗೆ ಬಹಳ ಬೇಕು, ಅದಕ್ಕೆ ಲ್ಯಾಬಿನಲ್ಲೇ ಬೆಳೆಸಿದ ನಮ್ಮ ಮನೆಯ ದಾರ ಬಳಸೋಣ. ಖಾಲಿ ಪೆಟ್ಟಿಗೆ ಸ್ವಲ್ಪ ಸಾಕು, ಅದಕ್ಕೆ ಕೊಂಡ ದಾರದಲ್ಲಿ ಉಳಿದದ್ದು ಮುಗಿಸೋಣ ಎಂದಿದ್ದ. ಕೊಂಡ ದಾರಕ್ಕೆ ಒಮ್ಮೆ ಕೊಳೆ ಪರೀಕ್ಷೆ ಮಾಡಿದ್ದರು, ಚೆನ್ನಾಗಿ ಬಂದಿತ್ತು. ದಾರ ದಾರವೇ ಅಲ್ಲವೇ ಎಂದು ಮನೆಯ ದಾರಕ್ಕೆ ಯಾರೂ ಮಾಡಲಿಲ್ಲ. ಹೀಗೆ ವರ್ಷಗಟ್ಟಲೆ ತುಂಬಿದ ಪೆಟ್ಟಿಗೆ ಕೊಳಕು ದಾರದಲ್ಲಿ, ಖಾಲಿ ಪೆಟ್ಟಿಗೆ ಶುದ್ಧ ದಾರದಲ್ಲಿ. ಒಂದು ಹಳದಿ, ಇನ್ನೊಂದಕ್ಕೆ ಬಣ್ಣವಿಲ್ಲ. ಪ್ರಪಂಚವೆಲ್ಲ ಚಪ್ಪಾಳೆ ತಟ್ಟಿತು. ಆ ಹೊತ್ತು ಸರಿ ಎಂದು ತಲೆಯಾಡಿಸಿದವಳು ತಾನೂ ಎಂಬುದು ನೆನಪಾಗಿ, ಅತ್ತಿಗೆಗೆ ಆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಬೇಕೆನಿಸಿತು.

ಈ ಸಲ ಕೊಂಡ ದಾರ ಮುಗಿದಿತ್ತು. ಹಾಗಾಗಿ ಖಾಲಿ ಪೆಟ್ಟಿಗೆಯನ್ನೂ ಮನೆಯ ದಾರದಲ್ಲೇ ಮಡಚಿದಳು. ಗುಟ್ಟು ರಟ್ಟಾದದ್ದು ಅಷ್ಟರಿಂದ. ಬುದ್ಧಿವಂತಿಕೆಯಿಂದಲ್ಲ, ಸಾಮಾನು ತೀರಿದ್ದರಿಂದ.

ಬರೀ ಲ್ಯಾಬಿನ ಮಾತಾಗಿದ್ದರೆ ತಲೆ ಬಗ್ಗಿಸಿ ತಪ್ಪಾಯಿತು ಎಂದು ಎಲ್ಲರಿಗೂ ತಿಳಿಸಿ ಮೊದಲಿಂದ ಶುರು ಮಾಡಬಹುದಿತ್ತು. ಆದರೆ ನಾಳೆ ಭಾನುವಾರ. ನಾಳೆ ಬೆಳಿಗ್ಗೆ ಮೈದುನ ಆ ಪೆಟ್ಟಿಗೆಗಳನ್ನು ಸಿರಿಂಜಿಗೆ ಎಳೆದು ತನ್ನ ತಾಯಿಯ ಕುತ್ತಿಗೆಗೆ ಚುಚ್ಚಲಿದ್ದ.

ಅತ್ತೆಯ ದವಡೆಯ ಕೆಳಗೆ ಗೆಡ್ಡೆ ಬೆಳೆದಿತ್ತು. ಡಾಕ್ಟರು ಒಂದಾದ ಮೇಲೊಂದು ಔಷಧಿ ಕೊಟ್ಟು ಕೊನೆಗೆ ಕೈಚೆಲ್ಲಿದ್ದರು. ಆಗಿನಿಂದ ಅತ್ತೆ ಮನೆಯಲ್ಲಿದ್ದರೂ ಗೆಡ್ಡೆ ಕಾಣದಂತೆ ಅಂಗಿಯ ಗುಂಡಿಗಳನ್ನು ಕಾಲರಿನವರೆಗೂ ಹಾಕಿಕೊಂಡೇ ಇರುತ್ತಿದ್ದರು. ಯಾರ ಅಪ್ಪಣೆಯೂ ಇಲ್ಲದೆ, ಯಾರಿಗೂ ಹೇಳದೆ, ಮನೆಯಲ್ಲೇ ಚುಚ್ಚಿಬಿಡೋಣ ಎಂದು ಮೈದುನ ಅಂದಾಗ ಅತ್ತಿಗೆ ಬೇಡ ಎಂದಿರಲಿಲ್ಲ. ಆ ಹಳದಿ ಅಷ್ಟು ಚೆಂದವಾಗಿತ್ತು. ಇವತ್ತಿನ ಪ್ಲೇಟು ಹಾಕಿದ್ದೂ ಅದಕ್ಕೇ, ಚುಚ್ಚುವ ಮೊದಲು ಕೊನೆಯದಾಗಿ ಒಮ್ಮೆ ನೋಡಿಬಿಡೋಣವೆಂದು.

ಅವಳು ಪ್ಲೇಟನ್ನು ಹಾಗೇ ಹಿಡಿದುಕೊಂಡು ಹೋಗಿ ಮೈದುನನ ಮೇಜಿನ ಮೇಲಿಟ್ಟಳು. ಅವನು ನೋಡಿದ. ಮುಖ ಒಂದಿಷ್ಟು ಸಪ್ಪಗಾಯಿತು, ಮರುಕ್ಷಣ ಸರಿಹೋಯಿತು. ವೇದಿಕೆಯ ಅಭ್ಯಾಸ.

"ಪ್ಲೇಟ್ ಕೆಟ್ಟಿರುತ್ತೆ ಅತ್ತಿಗೆ. ಸೋಮವಾರ ಇನ್ನೊಂದು ಹಾಕಿ."

"ಪ್ಲೇಟ್ ಕೆಟ್ಟಿಲ್ಲ ಕಣೋ. ಕೆಟ್ಟಿರೋದು ನಮ್ಮ ದಾರ. ಕೋಶ ಎದ್ದಿದ್ದು ನಿನ್ನ ಅಣುವಿಗಲ್ಲ, ನಾವು ತೊಳೀದೇ ಬಿಟ್ಟ ಕೊಳೆಗೆ."

"ಲ್ಯಾಬಲ್ಲಿ ಚುಚ್ಚಿದ್ವಲ್ಲ, ಆ ಇಲಿಗಳ ಗೆಡ್ಡೆ ಕುಗ್ಗಿದ್ದು ಸುಳ್ಳಾ ಹಾಗಾದ್ರೆ?"

"ಕೊಳೆಗೂ ಕುಗ್ಗುತ್ತೆ. ಮೈಯೆಲ್ಲ ಎದ್ದು ಕೂತಾಗ ಗೆಡ್ಡೆಗೂ ಒಂದಿಷ್ಟು ಏಟು ಬಿದ್ದೇ ಬೀಳುತ್ತೆ."

"ಹಾಗಾದ್ರೆ ಕೊಳೆನೇ ಕುಗ್ಗಿಸ್ಲಿ ಬಿಡಿ!" ಎಂದು ಅವನು ಮೇಜು ಗುದ್ದಿದ. ಪ್ಲೇಟು ಹಾರಿ ಬಿತ್ತು. "ಕುಗ್ಗಿದ್ರೆ ಸಾಕು ನನಗೆ. ಯಾವುದ್ರಿಂದ ಅಂತ ಆಮೇಲೆ ನೋಡ್ಕೊಳ್ಳೋಣ."

"ಇಲಿ ತಡ್ಕೊಳ್ಳುತ್ತೆ. ಇಲಿಗೆ ಏನೂ ಆಗದಷ್ಟು ಕೊಳೆ ಮನುಷ್ಯರನ್ನ ಮಲಗಿಸುತ್ತೆ. ನಡುಕ ಬರುತ್ತೆ, ರಕ್ತದ ಒತ್ತಡ ಬೀಳುತ್ತೆ. ಇದನ್ನ ನಿನಗೆ ನಾನು ಹೇಳ್ಕೊಡ್ಬೇಕಾ? ಅದೂ ಅತ್ತೆಯ ವಯಸ್ಸಲ್ಲಿ, ಆ ಮೈಯಲ್ಲಿ?"

ಅವನು ಕಿಟಕಿ ಕಡೆ ತಿರುಗಿ ನಿಂತ. "ಅಮ್ಮಂಗೆ ಮಾತು ಕೊಟ್ಟಿದ್ದೀನಿ" ಎಂದ. ಅಮ್ಮನಿಗೆ ಕೊಟ್ಟ ಮಾತಂತೆ! ಅತ್ತಿಗೆಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಚಿಕ್ಕವನಿದ್ದಾಗ ಒಂದೆರಡು ಸಲ ಬಾರಿಸಿದ್ದಳು ಕೂಡ. ಈಗ ಅವನ ಕೂದಲು ಬೆಳ್ಳಗಾಗಿತ್ತು.

ಗಂಡನಿಗೆ ಫೋನು ಮಾಡಿದಳು. ಗಂಡ ಗೂಡ್ಸ್ ರೈಲು ಓಡಿಸುವವನು, ಎಲ್ಲೋ ಸಿಗ್ನಲ್ಲಿಗೆ ಕಾದು ನಿಂತಿದ್ದ. ಎಲ್ಲ ಕೇಳಿಸಿಕೊಂಡು ನಿಟ್ಟುಸಿರು ಬಿಟ್ಟ. "ಅವನು ಅಷ್ಟು ದೊಡ್ಡ ವಿಜ್ಞಾನಿ ಕಣೇ. ಅವನಿಗೆ ಗೊತ್ತಿರಲ್ವಾ? ನೀನ್ಯಾಕೆ ಅಡ್ಡಗಾಲು ಹಾಕ್ತೀಯ? ಅಮ್ಮಂಗಾದ್ರೂ ಒಂದು ಆಸೆ ಇರ್ಲಿ."

"ನಾನೇನು ಅಲ್ಲಿ ಗಾಜು ಒರೆಸೋಕೆ ಹೋಗ್ತೀನಾ?" ಎಂದು ಕಿರುಚಿ ಫೋನು ಇಟ್ಟಳು. ಆಸೆ ಇರಲಿ ಎನ್ನುವವರನ್ನೆಲ್ಲ ಒಂದು ಸಾಲಿನಲ್ಲಿ ನಿಲ್ಲಿಸಿ ಬಯ್ಯಬೇಕೆನಿಸಿತು ಅವಳಿಗೆ. ನಂತರ ಲ್ಯಾಬಿನ ಫ್ರಿಜ್ಜಿನ ಹಿಂದಿನ ಮೂಲೆಯಲ್ಲಿದ್ದ ಕೊಳೆ ಪರೀಕ್ಷೆಯ ಡಬ್ಬ, ಒಂದಿಷ್ಟು ಶುದ್ಧ ನೀರು, ಪಿಪೆಟ್ಟು, ಅದರ ತುದಿಗೆ ಸಿಕ್ಕಿಸುವ ಹೊಸ ಟಿಪ್ಪುಗಳ ಪ್ಯಾಕೆಟ್ಟು, ಒಂದು ಥರ್ಮಾಮೀಟರು, ಎಲ್ಲವನ್ನೂ ಊಟದ ಬ್ಯಾಗಿಗೆ ತುಂಬಿಕೊಂಡು ಮನೆಗೆ ಹೋದಳು.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಹತ್ತಿರ ಅತ್ತೆ ಆಗಲೇ ತಯಾರಾಗಿ ಕೂತಿದ್ದರು. ತಲೆ ಬಾಚಿಕೊಂಡಿದ್ದರು. ಕಾಲರಿನ ಗುಂಡಿಗಳನ್ನು ಬಿಚ್ಚಿ ಗೆಡ್ಡೆಯನ್ನು ಹೊರಗೆ ಬಿಟ್ಟಿದ್ದರು. ಅತ್ತೆ ಶಾಲೆಯಲ್ಲಿ ಗಣಿತ ಕಲಿಸಿದವರು. ಬೋರ್ಡಿನ ಮುಂದೆ ನಿಂತ ಮಗು ಗೊತ್ತಿಲ್ಲ ಟೀಚರ್ ಎಂದರೆ ಹೋಗಿ ಕೂತ್ಕೋ ಎಂದು ಬಿಟ್ಟುಬಿಡುತ್ತಿದ್ದರಂತೆ. ಗೊತ್ತಿರುವವರ ಹಾಗೆ ಏನೇನೋ ಗೀಚಿದವರಿಗೆ ಮಾತ್ರ ಕಿವಿ ಹಿಂಡಿ ನೀಲಿ ಮಾಡುತ್ತಿದ್ದರು. ಅವರ ಕಿರಿಯ ಮಗನೂ ಅದೇ ತರಗತಿಯಲ್ಲಿದ್ದವನು. ಅವನ ಕಿವಿ ಎಷ್ಟು ಸಲ ನೀಲಿಯಾಗಿತ್ತೋ.

ಮೈದುನ ಫ್ರಿಜ್ಜಿನ ಮೊಟ್ಟೆಯ ತಟ್ಟೆಯಲ್ಲಿಟ್ಟಿದ್ದ, ಪೆಟ್ಟಿಗೆಗಳ ಮದ್ದು ತುಂಬಿದ ಸಣ್ಣ ಸೀಸೆಯನ್ನು ತೆಗೆದ. ಅತ್ತಿಗೆ ಅವನ ಕೈಯಿಂದ ಅದನ್ನು ಕಸಿದುಕೊಂಡಳು.

"ಅತ್ತೆ, ಇದನ್ನ ಚುಚ್ಚಿಸ್ಕೊಳ್ಳೋ ಮೊದಲು ಒಂದು ಗಂಟೆ ನನಗೆ ಕೊಡಿ. ಇದರಲ್ಲಿ ಕೊಳೆ ಇದೆ. ಇದೆ ಅಂತ ತೋರಿಸ್ತೀನಿ. ಇಲ್ದಿದ್ರೆ ನಾನೇ ಚುಚ್ತೀನಿ."

"ನಿಮ್ಮಿಬ್ಬರ ಜಗಳ ಲ್ಯಾಬಲ್ಲಿ ಇಟ್ಕೊಳ್ಳಿ" ಎಂದರು ಅತ್ತೆ. "ನಾನು ಹೇಗೂ ಹೋಗೋಳು. ಮಗ ಮಾಡಿದ ಔಷಧಿ, ಚುಚ್ಲಿ ಬಿಡೇ. ಉಳಿದ್ರೆ ಅವನಿಗೆ ಹೆಸರು, ಹೋದ್ರೆ ನನಗೆ ಬಿಡುಗಡೆ."

ಅತ್ತಿಗೆಗೆ ಕಣ್ಣು ಕತ್ತಲಿಡುವಷ್ಟು ಸಿಟ್ಟು ಬಂತು. ಇಷ್ಟು ವರ್ಷ ಅತ್ತೆಗೆ ಎದುರು ಮಾತಾಡಿದವಳಲ್ಲ. ಅತ್ತೆಯೂ ಅವಳನ್ನು ನೋಯಿಸಿದವರಲ್ಲ. "ಬಿಡುಗಡೆ ನಿಮಗೆ! ಅವನಿಗೆ? ನೀವು ಗೆಡ್ಡೆಯಿಂದ ಹೋದ್ರೆ ಅವನು ಅಳ್ತಾನೆ, ನಾವೆಲ್ಲ ಅಳ್ತೀವಿ, ಒಂದಿನ ಕಣ್ಣೊರೆಸ್ಕೊಳ್ತೀವಿ. ಅವನ ಸೂಜಿಯಿಂದ ಹೋದ್ರೆ? ಈ ಮೇಜಿನ ಮೇಲೆ, ಅವನ ಕೈಯಲ್ಲೇ? ಆಮೇಲೆ ಅವನು ಬದುಕಿರೋವರೆಗೂ ಆ ಕೈಯಲ್ಲಿ ಅನ್ನ ತಿನ್ಬೇಕಲ್ಲ ಅತ್ತೆ!"

ಅತ್ತೆ ಮಗನ ಮುಖ ನೋಡಿದರು. ಮಗ ಒಲೆಯ ಕಡೆ ನೋಡಿದ. "ಒಂದು ಗಂಟೆ ತಾನೇ? ಮಾಡು" ಎಂದರು ಅತ್ತೆ.

ಅತ್ತಿಗೆ ಒಲೆಯ ಮೇಲೆ ಒಂದು ಪಾತ್ರೆ ನೀರಿಟ್ಟು ಮೈಯ ಬಿಸಿಗೆ ಬರುವವರೆಗೂ ಥರ್ಮಾಮೀಟರು ಹಿಡಿದು ನಿಂತಳು. ಸೀಸೆಯಿಂದ ಒಂದೇ ಹನಿ ತೆಗೆದು ಶುದ್ಧ ನೀರಿಗೆ ಬೆರೆಸಿ, ಅದರಿಂದ ಒಂದು ಹನಿ ತೆಗೆದು ಮತ್ತೆ ನೀರಿಗೆ ಬೆರೆಸಿ, ಹೀಗೆ ಸೀಸೆಯ ಮದ್ದು ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗುವವರೆಗೂ ಬೆರೆಸಿದಳು. ಪರೀಕ್ಷೆಯ ಪುಡಿ ಇರುವ ಎರಡು ಗಾಜಿನ ಕೊಳವೆಗಳನ್ನು ತೆಗೆದಳು. ಕೊಳೆ ಇದ್ದರೆ ನೀರಿನಲ್ಲಿ ಕರಗಿದ ಆ ಪುಡಿ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ, ಇಲ್ಲದಿದ್ದರೆ ನೀರಾಗಿಯೇ ಉಳಿಯುತ್ತದೆ.

"ಅಡುಗೆಮನೆ ಧೂಳಿಗೇ ಹೆಪ್ಪುಗಟ್ಟುತ್ತೆ ಇದು" ಎಂದ ಮೈದುನ. "ಇದೊಂದು ಪರೀಕ್ಷೆನಾ?"

"ಅದಕ್ಕೇ ಎರಡು ಕೊಳವೆ. ಒಂದಕ್ಕೆ ನಿನ್ನ ಮದ್ದು, ಇನ್ನೊಂದಕ್ಕೆ ಬರೀ ನೀರು. ಅದೇ ಕೈ, ಅದೇ ನೀರು, ಅದೇ ಅಡುಗೆಮನೆ. ಧೂಳಾದ್ರೆ ಎರಡೂ ಗಟ್ಟಿಯಾಗುತ್ತೆ. ಈ ಬುದ್ಧಿ ಮೊದಲೇ ಇದ್ದಿದ್ರೆ ನಾವಿಬ್ಬರೂ ಇವತ್ತು ಇಲ್ಲಿ ನಿಂತಿರ್ತಿರ್ಲಿಲ್ಲ."

ಕೊಳವೆಗಳನ್ನು ಬೆಚ್ಚನೆಯ ನೀರಿನಲ್ಲಿ ನಿಲ್ಲಿಸಿದ ಮೇಲೆ ಅವನ್ನು ಅಲುಗಿಸುವಂತಿಲ್ಲ. ಅಲುಗಿದರೆ ಕೆಟ್ಟಿತು. ಹಾಗಾಗಿ ಮೂವರೂ ಒಂದು ಪಾತ್ರೆಯ ಕಾವಲಿಗೆ ಕೂತರು. ಅತ್ತಿಗೆ ಆಗಾಗ ಒಲೆಯನ್ನು ಸಣ್ಣ ಮಾಡಿದಳು, ಮತ್ತೆ ಹೊತ್ತಿಸಿದಳು. ಮೈದುನ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಶತಪಥ ಹಾಕಿದ. "ನೆಲ ಅದುರ್ಸಬೇಡ" ಎಂದು ಅತ್ತಿಗೆ ಗದರಿದಳು, ಅವನು ಕೂತ. ಕೂತವನ ಮೊಣಕಾಲು ನಿಲ್ಲದೆ ಕುಣಿಯುತ್ತಿತ್ತು. ಅತ್ತೆ ಗೆಡ್ಡೆಯ ಮೇಲೆ ಅಂಗೈ ಇಟ್ಟುಕೊಂಡು, ಮಕ್ಕಳು ಪರೀಕ್ಷೆ ಬರೆಯುವಾಗ ಟೀಚರು ಕೂರುವ ಹಾಗೆ ಕೂತಿದ್ದರು. ಕೆಳಗಿನ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುವ ಸದ್ದು ಕೇಳುತ್ತಿತ್ತು.

ಗಂಟೆ ಆಯಿತು. ಅತ್ತಿಗೆ ಕೈ ಚಾಚಿದಳು. ಅತ್ತೆ ತಡೆದರು.

"ನಾನು ತೆಗೀತೀನಿ. ಚುಚ್ಚಿಸ್ಕೊಳ್ಳೋಳು ನಾನು ತಾನೇ? ಏನು ಮಾಡ್ಬೇಕು?"

"ಮೆಲ್ಲಗೆ ತಲೆಕೆಳಗು ಮಾಡಿ ಅಷ್ಟೇ."

ಅತ್ತೆ ಬರೀ ನೀರಿನ ಕೊಳವೆಯನ್ನು ತೆಗೆದು ತಲೆಕೆಳಗು ಮಾಡಿದರು. ನೀರು ಸರ್ರನೆ ಜಾರಿ ಅವರ ಬೆರಳ ಮೇಲೆ ಬಿತ್ತು. ಎರಡನೆಯದನ್ನು ತೆಗೆದರು. ತಲೆಕೆಳಗು ಮಾಡಿದರು. ಒಳಗಿದ್ದದ್ದು ಮೇಲೆಯೇ ನಿಂತಿತು. ಅತ್ತೆ ಕೊಳವೆಯನ್ನು ಕಣ್ಣಿನ ಹತ್ತಿರ ತಂದು ನೋಡಿದರು, ಒಮ್ಮೆ ಕುಲುಕಿಯೂ ನೋಡಿದರು. ಬೀಳಲಿಲ್ಲ. ಅಷ್ಟು ನೀರು ಬೆರೆಸಿದ ಮೇಲೂ ಆ ಹನಿಯಲ್ಲಿ ಇಷ್ಟು ಕೊಳೆ ಉಳಿದಿತ್ತು.

ತನ್ನ ಮಾತು ಗೆದ್ದಿತೆಂದು ಅತ್ತಿಗೆಗೆ ಒಂದು ಚೂರೂ ಖುಷಿಯಾಗಲಿಲ್ಲ. ಗೆಲ್ಲದಿರಲಿ ಎಂದೇ ಒಳಗೆಲ್ಲೋ ಹಾರೈಸಿದ್ದಳೋ ಏನೋ, ಮತ್ತೆ ಸಿಟ್ಟೇ ಬಂದು ತುಂಬಿಕೊಂಡಿತು.

"ಸರಿ, ಇದು ಕೊಳೆ" ಎಂದರು ಅತ್ತೆ. ಧ್ವನಿ ಬೋರ್ಡಿನ ಮುಂದಿನ ಧ್ವನಿಯಾಗಿತ್ತು. "ಕೊಳೆ ತೊಳೆದು ಮಾಡಿದ್ರೆ? ಆ ಪೆಟ್ಟಿಗೆ ಕೆಲಸ ಮಾಡುತ್ತಾ? ಒಳಗೆ ಹೋಗಿ ಬಿಚ್ಕೊಳ್ಳುತ್ತೆ, ಎಬ್ಬಿಸುತ್ತೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದ್ಯಲ್ಲೋ. ಮಾಡುತ್ತಾ ಇಲ್ವಾ?"

ಮೈದುನ ಬಾಯಿ ತೆರೆದ. ಅತ್ತಿಗೆಗೆ ಆ ಬಾಯಿ ತೆರೆಯುವ ರೀತಿ ಗೊತ್ತಿತ್ತು. ಈಗ ಬರುತ್ತದೆ ನೋಡು ಭಾಷಣ, ಆರಂಭಿಕ ಫಲಿತಾಂಶಗಳು ಆಶಾದಾಯಕ, ಇನ್ನಷ್ಟು ಅಧ್ಯಯನ ಬೇಕು, ಅದು ಇದು ಎಂದು ಹಲ್ಲು ಕಚ್ಚಿ ಕಾದಳು. ಭಾಷಣ ಬರಲಿಲ್ಲ. ಅವನು ತಾಯಿಯ ಕೈಯಲ್ಲಿದ್ದ ಕೊಳವೆಯನ್ನೇ ನೋಡುತ್ತಿದ್ದ.

"ಗೊತ್ತಿಲ್ಲ ಅಮ್ಮ" ಎಂದ.

"ಮೊದಲಿಂದ್ಲೇ ತೊಳೆದು ಮಾಡಿದ್ರೆ ಇಷ್ಟೊತ್ತಿಗೆ ಗೊತ್ತಾಗ್ತಿತ್ತಾ?"

"ಆಗ್ತಿತ್ತು."

ಅತ್ತೆ ಕೊಳವೆಯನ್ನು ಮೇಜಿನ ಮೇಲೆ ಮೆಲ್ಲಗೆ ಮಲಗಿಸಿದರು. "ಗೊತ್ತಿಲ್ಲ ಅನ್ನೋಕೆ ಇಷ್ಟು ವರ್ಷ ಬೇಕಾಯ್ತೇನೋ ನಿನಗೆ?" ಎಂದರು. "ನನ್ನ ಕ್ಲಾಸಲ್ಲಿ ಕೂತು ಕಲಿತಿದ್ದು ಇದೇನಾ?" ಅವನು ಮುಖ ಮುಚ್ಚಿಕೊಂಡ. ಅತ್ತೆ ಸೊಸೆಯ ಕಡೆ ತಿರುಗಿದರು. "ನೀನು? ತೊಳೆಯೋದು ಬೇಡ ಅಂದಾಗ ಇವನ ಪಕ್ಕದಲ್ಲೇ ಇದ್ದೆ ತಾನೇ? ಆಗ ಎಲ್ಲಿ ಹೋಗಿತ್ತು ಈ ಬಾಯಿ?"

ಸರಿಯಾದ ಜಾಗಕ್ಕೇ ಬಿದ್ದಿತ್ತು ಏಟು. "ತಲೆಯಾಡಿಸ್ದೆ ಅತ್ತೆ" ಎಂದಳು.

"ಆಡ್ಸಿದ್ರಿ, ಇಬ್ಬರೂ ಆಡ್ಸಿದ್ರಿ. ನಾಳೆ ಹೋಗಿ ತೊಳೀರಿ. ಅರ್ಧ ಹೋಗ್ಲಿ, ಮುಕ್ಕಾಲು ಹೋಗ್ಲಿ, ತೊಳೀರಿ. ಊರಿಗೆಲ್ಲ ಹೇಳಿದ್ದೀರಲ್ಲ, ತಪ್ಪಾಯ್ತು ಅಂತಲೂ ಊರಿಗೆಲ್ಲ ಹೇಳಿ. ನಾನಿರ್ತೀನಾ ಇಲ್ವಾ ಅಂತ ನೋಡ್ಕೊಂಡು ಅವಸರ ಮಾಡಿದ್ರೆ ಇಬ್ಬರ ಕಿವಿನೂ ಹಿಂಡ್ತೀನಿ."

ಮೈದುನ ಎದ್ದು ಸೀಸೆಯನ್ನು ಸಿಂಕಿನ ಮೇಲೆ ಹಿಡಿದ. "ಅಲ್ಲಿ ಸುರೀಬೇಡ, ಅಲ್ಲಿ ನಾನು ಪಾತ್ರೆ ತೊಳೀತೀನಿ" ಎಂದು ಅತ್ತಿಗೆ ಹರಿಹಾಯ್ದಳು. ಅವನು ಸೀಸೆ ಹಿಡಿದುಕೊಂಡು ಎಲ್ಲಿಡಬೇಕೆಂದು ತಿಳಿಯದೆ ನಿಂತ. ಪಾಪ ಎನಿಸಬೇಕಿತ್ತು, ಎನಿಸಲಿಲ್ಲ. ಕಳೆದ ಒಂದೊಂದು ವರ್ಷವೂ ಕಣ್ಣೆದುರು ಬಂದು ನಿಂತಿತ್ತು, ಒಂದೊಂದರ ಮೇಲೂ ಬೇರೆ ಬೇರೆ ಸಿಟ್ಟು ಬರುತ್ತಿತ್ತು.

ಅತ್ತೆ ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದರು. ಅತ್ತಿಗೆ ಸಹಾಯಕ್ಕೆ ಬಾಗಿದಳು. ಅತ್ತೆ ಅವಳ ಕೈಯನ್ನು ಪಟ್ಟನೆ ತಳ್ಳಿದರು. "ಬಿಡು, ನಾನೇ ಹಾಕ್ಕೋತೀನಿ." ಕೆಳಗಿನದು ಹಾಕಿದರು, ನಡುವಿನದು ಹಾಕಿದರು. ಕಾಲರಿನ ಮೇಲಿನ ಗುಂಡಿಯನ್ನು ಹಿಡಿದು ಎಳೆದರು, ಕತ್ತು ಓರೆ ಮಾಡಿ ಇನ್ನೊಮ್ಮೆ ಎಳೆದರು. ಅದು ಸೇರಲಿಲ್ಲ. ಹೋದ ವಾರ ಸೇರುತ್ತಿತ್ತು.